ಕೆರೆ ಸುತ್ತಿದರಷ್ಟೇ ಸಾಲದು: ನಲವತ್ತು ದಾಟಿದವರು ಮೈಬಲ ಕಟ್ಟಿಕೊಳ್ಳುವ ಬಗೆ

ಬೆಳಗಿನ ಆರು ಗಂಟೆಗೆ ಕುಂದವಾಡ ಕೆರೆಯ ಏರಿಯ ಮೇಲೆ ನಿಂತರೆ ದಾವಣಗೆರೆಯ ಅರ್ಧದಷ್ಟು ಅಂಗಡಿ ಮಾಲೀಕರು, ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಕೈಬೀಸಿ ನಡೆಯುವುದು ಕಾಣುತ್ತದೆ. ಒಳ್ಳೆಯ ಅಭ್ಯಾಸವೇ. ಆದರೆ ಇದೇ ಮಂದಿಯನ್ನು ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂರಿಸಿ, ಊಟ ಮುಗಿದ ಮೇಲೆ ಏಳುವುದನ್ನು ನೋಡಬೇಕು. ಒಬ್ಬರು ಪಕ್ಕದವರ ಭುಜ ಹಿಡಿಯುತ್ತಾರೆ, ಇನ್ನೊಬ್ಬರು ಮೊದಲು ಮಂಡಿಯೂರಿ, ಆಮೇಲೆ ಗೋಡೆಗೆ ಕೈಕೊಟ್ಟು, ಉಸ್ಸಪ್ಪಾ ಎನ್ನುತ್ತಾ ಏಳುತ್ತಾರೆ. ವರ್ಷಗಟ್ಟಲೆ ನಡೆದ ಕಾಲುಗಳಿಗೆ ತಮ್ಮದೇ ಮೈಯನ್ನು ನೆಲದಿಂದ ಮೇಲೆತ್ತಲು ಆಗುತ್ತಿಲ್ಲ.

ನಡಿಗೆಯಿಂದ ಹೃದಯಕ್ಕೆ, ರಕ್ತದೊತ್ತಡಕ್ಕೆ ಆಗುವ ಲಾಭ ದೊಡ್ಡದು. ಸ್ನಾಯುವಿನ ಬಲದ ಲೆಕ್ಕ ಬೇರೆ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪ್ರತಿಶತದಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚುತ್ತದೆ. ಮೊದಲು ಸೊರಗುವುದು ಥಟ್ಟನೆ ಬಲ ಹಾಕುವ ನಾರುಗಳು, ಎಂದರೆ ಕಾಲು ಜಾರಿದಾಗ ಮೈಯನ್ನು ಹಿಡಿದು ನಿಲ್ಲಿಸುವವು. ನಿಧಾನ ನಡಿಗೆಯಲ್ಲಿ ಅವುಗಳಿಗೆ ಕೆಲಸವೇ ಇಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೂ ಸ್ನಾಯುವೇ ಆದ್ದರಿಂದ, ಮಧುಮೇಹ ಮನೆಮನೆಯಲ್ಲಿರುವ ಈ ಕಾಲದಲ್ಲಿ ಇದು ಕೇವಲ ಕಟ್ಟುಮಸ್ತಾಗಿ ಕಾಣುವ ವಿಚಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಚುರುಕು ನಡಿಗೆಯಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ. ನಮ್ಮಲ್ಲಿ ಮೊದಲರ್ಧ ಎಲ್ಲರ ಬಾಯಲ್ಲಿದೆ, ಎರಡನೆಯದನ್ನು ಯಾರೂ ಎತ್ತುವುದಿಲ್ಲ.

ವಯಸ್ಸಾಯಿತು ಎನ್ನುವವರಿಗೆ ಒಂದು ಮಾತು. 1990ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನಕ್ಕೆ ವೃದ್ಧಾಶ್ರಮದ ಹತ್ತು ಮಂದಿ ದುರ್ಬಲ ವೃದ್ಧರನ್ನು ಆರಿಸಿಕೊಂಡಿದ್ದರು. ಸರಾಸರಿ ವಯಸ್ಸು 90. ಎಂಟು ವಾರ ಭಾರ ಎತ್ತುವ ತರಬೇತಿ ಪೂರೈಸಿದವರ ತೊಡೆಯ ಬಲ ಸರಾಸರಿ 174 ಪ್ರತಿಶತ ಏರಿತ್ತು. ನಿಮಗೆ ಐವತ್ತೈದಾಗಿದ್ದರೆ ನೀವಿನ್ನೂ ಹುಡುಗರು.

ಮೊದಲು, ಈಗ ಎಲ್ಲಿದ್ದೀರಿ ನೋಡಿಕೊಳ್ಳಿ

ಕೈಗಳಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಮನೆಯವರಿಂದ ಎಣಿಸಿ. 60ರಿಂದ 64ರ ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಎಂದರ್ಥ. ನಿಮಗೆ ಇನ್ನೂ ನಲವತ್ತೈದಾಗಿದ್ದು ಅಷ್ಟಕ್ಕೇ ನಿಂತಿದ್ದರೆ ಈ ವಾರವೇ ಶುರುಮಾಡಿ.

ಎರಡನೆಯದು, ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲುವುದು. ಮೂರನೆಯದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಏಳುವುದು: ಕೈ ಊರಿದಿರೋ, ಮಂಡಿ ಊರಿದಿರೋ, ಎರಡೂ ಬೇಕಾಯಿತೋ? ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಡಿ.

ಹೃದಯದ ತೊಂದರೆ ಇದ್ದವರು, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಮಧುಮೇಹದಿಂದ ಕಣ್ಣಿನ ರೆಟಿನಾ ಕೆಟ್ಟವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಥಟ್ಟನೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಭಾರ ಎತ್ತಬಾರದು.

ಭಾರಕ್ಕೆ ಏನು ಮಾಡುವುದು?

ಖರ್ಚು ಬೇಡ. ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ತೊಳೆದಿಡಿ. ನೀರು ತುಂಬಿದರೆ ಒಂದೊಂದೂ 5 ಕಿಲೋ. ಅದೇ ಕ್ಯಾನಿಗೆ ಒಣ ಮರಳು ತುಂಬಿದರೆ ಸುಮಾರು 8 ಕಿಲೋ. ಮಕ್ಕಳು ಬಿಟ್ಟ ಶಾಲಾ ಚೀಲಕ್ಕೆ ಹಳೆಯ ಪುಸ್ತಕ ತುಂಬಿ ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿ. 10 ಕಿಲೋ ಸುಲಭವಾಗಿ ಹಿಡಿಯುತ್ತದೆ. ಮುಂದೆ 20 ಲೀಟರಿನ ನೀರಿನ ಕ್ಯಾನು ಇದ್ದೇ ಇದೆ. ಆರು ತಿಂಗಳು ಇಷ್ಟು ಸಾಕು. ಅಡಿಕೆ ತೋಟದ ಮಾಲೀಕರಿಗೂ ಜಿಮ್ಮಿನ ವರ್ಷದ ಶುಲ್ಕ ಮೊದಲೇ ಕಟ್ಟಿಬಿಡಿ ಎಂದು ನಾನು ಹೇಳುವುದಿಲ್ಲ. ಜನವರಿಯಲ್ಲಿ ಕಟ್ಟಿದ ಹಣ ಯುಗಾದಿಯ ಹೊತ್ತಿಗೆ ಎಲ್ಲಿ ಹೋಯಿತೆಂದು ಎಲ್ಲರಿಗೂ ಗೊತ್ತು.

ಕೂತು ಏಳುವುದು

ಪರೀಕ್ಷೆಗೆ ಬಳಸಿದ ಕುರ್ಚಿಯೇ ಮೊದಲ ಸಲಕರಣೆ. ಪಾದಗಳು ಭುಜದಷ್ಟು ಅಗಲ, ಬೆರಳುಗಳು ತುಸು ಹೊರಕ್ಕೆ. ಏಳುವಾಗ ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳುಗಳ ದಿಕ್ಕಿಗೇ ಇರಲಿ. ಕೂರುವಾಗ ಧೊಪ್ಪನೆ ಬೀಳದೆ ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಿರಿ. ಇಳಿಯುವಾಗ ಹಾಕುವ ತಡೆಯಲ್ಲೇ ಬಹಳಷ್ಟು ಲಾಭವಿದೆ. ಎಂಟು ಬಾರಿ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ಕುರ್ಚಿ ಸಲೀಸಾದ ಮೇಲೆ ಎದೆಗೆ ಒಂದು ಕ್ಯಾನು ಅಪ್ಪಿಕೊಂಡು ಏಳಿ. ಆಮೇಲೆ ಕುರ್ಚಿಗಿಂತ ತಗ್ಗಾದ ಸ್ಟೂಲಿಗೆ ಇಳಿಯಿರಿ.

ಮಂಡಿ ನೋವಿದೆ, ಹಾಗಾಗಿ ಕಾಲಿನ ವ್ಯಾಯಾಮ ಬೇಡ ಎನ್ನುವವರೇ ಹೆಚ್ಚು. ಮಂಡಿ ಸವೆತದ ನೋವಿಗೆ ಮೊದಲ ಸಾಲಿನ ಚಿಕಿತ್ಸೆಗಳಲ್ಲಿ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮವೂ ಒಂದು. ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿಕೊಂಡು, ನೋವು ಸಹಿಸುವಷ್ಟರಲ್ಲೇ ಇರುವ ಎತ್ತರದಿಂದ ಆರಂಭಿಸಿ. ವಾರಗಳು ಕಳೆದಂತೆ ಒಂದೊಂದೇ ದಿಂಬು ತೆಗೆಯಿರಿ.

ಗರಡಿಯ ಬಸ್ಕಿ ಇದಕ್ಕಿಂತ ಮುಂದಿನ ಮಾತು. ನೂರಾರು ಬಸ್ಕಿ ಹೊಡೆಯುವ ಪೈಲ್ವಾನರನ್ನು ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ನೋಡಿ ಹುರುಪುಗೊಂಡು, ಮನೆಗೆ ಬಂದು ಒಂದೇ ದಿನ ನೂರು ಹೊಡೆಯುವುದು ಅಪಾಯ. ರೂಢಿಯಿಲ್ಲದ ಮೈಗೆ ಮಿತಿಮೀರಿದ ದಂಡನೆಯಾದರೆ ಸ್ನಾಯುವಿನ ನಾರುಗಳು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಪೆಟ್ಟಾಗಬಹುದು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸೊಂಟದಿಂದ ಬಾಗಿ ಎತ್ತುವುದು

ಎಲ್ಲಕ್ಕಿಂತ ಹೆಚ್ಚು ಕಲಿಯಬೇಕಾದದ್ದು ಇದು, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದೂ ಇದೇ. ಬಕೆಟ್ ಎತ್ತಲು ಹೋಗಿ ಬೆನ್ನು ಹಿಡಿಯಿತು ಎನ್ನುವ ಬಹುತೇಕರು ಬಾಗಿದ್ದು ಬೆನ್ನಿನಿಂದ, ಸೊಂಟದ ಕೀಲಿನಿಂದಲ್ಲ.

ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಲ್ಲಿ. ಮಂಡಿಗಳನ್ನು ಸ್ವಲ್ಪವೇ ಸಡಿಲಿಸಿ. ಈಗ ಎದೆಯನ್ನು ಕೆಳಕ್ಕೆ ತರುವ ಯೋಚನೆ ಬಿಟ್ಟು, ಪೃಷ್ಠದಿಂದ ಗೋಡೆ ಮುಟ್ಟಲು ಪ್ರಯತ್ನಿಸಿ. ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಮುಟ್ಟಿತೇ? ಎರಡು ಬೆರಳಿನಷ್ಟು ಮುಂದೆ ಸರಿದು ಮತ್ತೆ ಮುಟ್ಟಿ. ತೊಡೆಯ ಹಿಂಭಾಗ ಬಿಗಿಯಾಗಿ ಎಳೆಯತೊಡಗಿದರೆ ಸರಿಯಾದ ಜಾಗಕ್ಕೆ ಬಂದಿರಿ. ಬೆನ್ನು ಸುತ್ತಿಕೊಳ್ಳುತ್ತಿದೆಯೇ ಎಂದು ತಿಳಿಯಲು ಉದ್ದನೆಯ ಕೋಲೊಂದನ್ನು ಬೆನ್ನಿನ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಹೆಗಲ ಮೂಳೆಗಳ ನಡುವೆ, ಬಾಲಮೂಳೆ: ಮೂರೂ ಕಡೆ ಕೋಲು ಅಂಟಿಕೊಂಡೇ ಇರಬೇಕು. ಒಂದು ಕಡೆ ಬಿಟ್ಟರೂ ಬಾಗುವುದನ್ನು ಅಲ್ಲಿಗೇ ನಿಲ್ಲಿಸಿ.

ನಮ್ಮ ಬೀದಿಯ ಬಟ್ಟೆ ಅಂಗಡಿಯ ಯಜಮಾನರಿಗೆ ಇದನ್ನು ಹೇಳಿಕೊಡುವಾಗ ಅವರ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೋಲು ಮೂರನೆಯ ಸಲವೂ ಬಾಲಮೂಳೆಯಿಂದ ಜಾರಿದಾಗ, "ಮಾವ, ಬಟ್ಟೆಯ ತಾನು ತೆಗೆಯಲು ಬಗ್ಗುತ್ತೀರಲ್ಲ, ಹಾಗೆ ಬಗ್ಗಬೇಡಿ. ಕೈಯಲ್ಲಿ ಸಾಮಾನು ಇದ್ದಾಗ ಹಿಂದಿನ ಬಾಗಿಲನ್ನು ಸೊಂಟದಿಂದ ತಳ್ಳುತ್ತೀರಲ್ಲ, ಹಾಗೆ ಮಾಡಿ" ಎಂದರು. ಮರುಕ್ಷಣವೇ ಸರಿಹೋಯಿತು. ಅಂದಿನಿಂದ ನಾನೂ ಹೀಗೆಯೇ ಹೇಳುತ್ತೇನೆ.

ಗೋಡೆಯ ಪಾಠ ಎರಡು ವಾರ ಆದ ಮೇಲೆ ಪುಸ್ತಕದ ಚೀಲವನ್ನು ಸ್ಟೂಲಿನ ಮೇಲಿಟ್ಟು ಅಲ್ಲಿಂದ ಎತ್ತಿ. ನೆಲದಿಂದ ಎತ್ತುವುದು ಆಮೇಲಿನ ಮಾತು. ಭಾರ ಕಾಲಿಗೆ ಉಜ್ಜುವಷ್ಟು ಹತ್ತಿರ ಇರಬೇಕು. ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ: ಪಳಗಿದವರು ಚೀಲವನ್ನು ಮೈಯಿಂದ ದೂರ ಹಿಡಿದು ಎಂದೂ ಎತ್ತುವುದಿಲ್ಲ. ಹಾಗೆಂದು ಹಮಾಲಿಯೇ ವ್ಯಾಯಾಮ ಎಂದುಕೊಳ್ಳಬೇಡಿ. ದಣಿದ ಮೇಲೂ ಲಾರಿ ತುಂಬುವ ತನಕ ಎತ್ತಲೇಬೇಕಾದ ದುಡಿಮೆಗೂ, ಬೇಕಾದಾಗ ಕೆಳಗಿಟ್ಟು ಎರಡು ದಿನ ಸುಧಾರಿಸಿಕೊಳ್ಳುವ ತರಬೇತಿಗೂ ದೇಹ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಅವರ ಸೊಂಟ, ಮಂಡಿಗಳು ಬೇಗ ಸವೆಯುವುದು ಬಲ ಸಾಲದೆ ಅಲ್ಲ, ಬಿಡುವು ಸಿಗದೆ.

ತಳ್ಳುವುದು, ಎಳೆಯುವುದು, ಹೊರುವುದು

ತಳ್ಳುವುದಕ್ಕೆ ಗೋಡೆಯಿಂದ ಆರಂಭಿಸಿ. ಹದಿನೈದು ಬಾರಿ ಸಲೀಸಾದರೆ ಅಡುಗೆಮನೆಯ ಕಟ್ಟೆಗೆ ಬನ್ನಿ, ಅಲ್ಲಿಂದ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ತಲೆಯಿಂದ ಹಿಮ್ಮಡಿಯವರೆಗೆ ಮೈ ಒಂದೇ ನೇರದಲ್ಲಿರಲಿ, ಮೊಣಕೈಗಳು ಪಕ್ಕೆಯಿಂದ ತೀರಾ ಅಗಲವಾಗದಿರಲಿ. ದಂಡ ಹೊಡೆಯುವ ಆಸೆಯಿದ್ದರೆ ನೆಲದ ಮೇಲೆ ಹತ್ತು ಪುಶ್‌ಅಪ್ ಅಚ್ಚುಕಟ್ಟಾಗಿ ಬಂದ ಮೇಲೆ ನೋಡೋಣ.

ಎಳೆಯುವುದನ್ನು ಮನೆಯಲ್ಲಿ ಹೊಂದಿಸುವುದು ಕಷ್ಟ. ಕಿಟಕಿಯ ಸರಳಿಗೆ ಟವೆಲ್ ಕಟ್ಟಿ ಜೋತಾಡುವ ವಿಡಿಯೊಗಳನ್ನು ನಂಬಬೇಡಿ, ಹಳೇ ಊರಿನ ಮನೆಗಳ ಕಿಟಕಿಗಳು ನಿಮ್ಮ ತೂಕಕ್ಕೆ ಕೂತವಲ್ಲ. ಎಡಗೈಯನ್ನು ಮಂಚದ ಅಂಚಿಗೆ ಊರಿ, ಮೇಲೆ ಕಲಿತಂತೆ ಸೊಂಟದಿಂದ ಬಾಗಿ, ಬಲಗೈಯಲ್ಲಿ ಕ್ಯಾನು ಹಿಡಿದು ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ. ಹತ್ತು ಬಾರಿ ಆದ ಮೇಲೆ ಕೈ ಬದಲಿಸಿ. ದಿನವಿಡೀ ಮೊಬೈಲಿಗೆ ಬಾಗಿದ ಹೆಗಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಹೊರುವುದು ನನ್ನ ಮೆಚ್ಚಿನದು. ಎರಡೂ ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು, ಎದೆಯೆತ್ತಿ, ಮನೆಯ ಮುಂದಿನ ರಸ್ತೆಯಲ್ಲಿ 40 ಮೀಟರ್ ಹೋಗಿ ಬನ್ನಿ. ಮುಂದಿನ ಸುತ್ತಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಮೈ ಆ ಕಡೆ ವಾಲದಂತೆ ನಡೆಯಿರಿ. ಹೊಟ್ಟೆಯ ಪಕ್ಕದ ಸ್ನಾಯುಗಳು ಏನೆಂದು ಆಗ ಗೊತ್ತಾಗುತ್ತದೆ. ಕೊಡವನ್ನು ಸದಾ ಒಂದೇ ಸೊಂಟದ ಮೇಲೆ ಹೊರುವ ರೂಢಿಯಿದ್ದವರು ಬದಿ ಬದಲಿಸುವುದನ್ನು ಕಲಿಯಲಿ. ಹಿಡಿತದ ಬಲಕ್ಕೂ ಇದೇ ಮದ್ದು. ಭಾರತವೂ ಸೇರಿದ್ದ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೈಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಸಂಭವ 16 ಪ್ರತಿಶತ ಹೆಚ್ಚಿದ್ದುದು ಕಂಡುಬಂತು. ಅದನ್ನು ಕೇಳಿ ರಬ್ಬರ್ ಚೆಂಡು ಹಿಸುಕುತ್ತಾ ಕೂರಬೇಕಿಲ್ಲ. ಹಿಡಿತ ಇಡೀ ಮೈಯ ಬಲವನ್ನು ತೋರಿಸುವ ಗುರುತು ಅಷ್ಟೆ.

ಇಷ್ಟರ ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದು. ಇವಕ್ಕೆ ಬೇರೆ ಸಮಯ ಬೇಕಿಲ್ಲ.

ವಾರದ ಲೆಕ್ಕ

ಸೋಮವಾರ ಮತ್ತು ಗುರುವಾರ ಭಾರ. ಐದು ನಿಮಿಷ ಕೈಕಾಲು ಆಡಿಸಿ ಬಿಸಿ ಮಾಡಿಕೊಂಡು, ಐದೂ ವ್ಯಾಯಾಮಗಳನ್ನು ಮೊದಲ ವಾರ ಒಂದೇ ಸುತ್ತು, ಎರಡನೆಯ ವಾರ ಎರಡು, ಒಂದು ತಿಂಗಳಾದ ಮೇಲೆ ಮೂರು ಸುತ್ತು. ನಲವತ್ತು ನಿಮಿಷ ಮೀರುವುದಿಲ್ಲ. ಉಳಿದ ದಿನ ಕೆರೆಯೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ನಮ್ಮ ಊರಿನ ಆ ಬಿಸಿಲಿಗೆ ಮಧ್ಯಾಹ್ನದ ಶೌರ್ಯ ಬೇಡ.

ಭಾರ ಏರಿಸುವ ನಿಯಮ ಒಂದೇ. ಸುತ್ತು ಮುಗಿದಾಗ "ಇನ್ನೂ ಎರಡು ಮಾಡಬಹುದಿತ್ತು" ಎನಿಸಬೇಕು. ಇನ್ನೂ ಆರು ಮಾಡಬಹುದಿತ್ತು ಎನಿಸಿದರೆ ಅದು ತರಬೇತಿಯಾಗಲಿಲ್ಲ. ಒಂದೂ ಆಗುತ್ತಿರಲಿಲ್ಲ ಎಂದರೆ ಹೆಚ್ಚಾಯಿತು. ಎಂಟರಿಂದ ಹನ್ನೆರಡಕ್ಕೆ ಏರಿ, ಮೂರೂ ಸುತ್ತು ಹನ್ನೆರಡಾದ ಮೇಲೆ ನೀರು ಚೆಲ್ಲಿ ಮರಳು ತುಂಬಿ, ಮತ್ತೆ ಎಂಟಕ್ಕೆ ಇಳಿಯಿರಿ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ. ಎರಡನೆಯ ತಿಂಗಳಲ್ಲಿ ಮೊಣಕೈ, ಹಿಮ್ಮಡಿ ನೋಯತೊಡಗುವುದು ಹೆಚ್ಚಾಗಿ ಈ ವ್ಯತ್ಯಾಸದಿಂದಲೇ. ಆದ್ದರಿಂದ ಏಳೆಂಟು ವಾರಕ್ಕೊಮ್ಮೆ ಒಂದು ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ.

ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಜಿಗಿಯುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ ಸ್ನಾಯುಗಳು ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಕಾಲಿಗೆ ಹರಿಯುವ ಜೋಮು ಸಹಜವಲ್ಲ. ಎದೆನೋವು, ತಲೆಸುತ್ತು ಬಂದರೆ ಕ್ಯಾನು ಅಲ್ಲೇ ಬಿಡಿ.

ದಮ್ಮು ಕಟ್ಟುವುದು

ವಾರಕ್ಕೊಂದು ದಿನ ಕೆರೆಯ ಏರಿಯ ಮೇಲೆ ಒಂದು ನಿಮಿಷ ಮಾತಾಡಲು ಆಗದಷ್ಟು ಜೋರು ನಡಿಗೆ, ಎರಡು ನಿಮಿಷ ನಿಧಾನ. ಹೀಗೆ ಆರೇಳು ಸಲ. ಮಿಕ್ಕ ದಿನಗಳ ನಡಿಗೆಯಲ್ಲಿ ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಜೊತೆಗಾರರೊಂದಿಗೆ ರಾಜಕೀಯ ಚರ್ಚಿಸುತ್ತಾ ಪೂರ್ತಿ ಸುತ್ತು ಮುಗಿಸುವವರ ವೇಗ ಸಾಲುವುದಿಲ್ಲ.

ಮೂರು ತಿಂಗಳಾದ ಮೇಲೆ ಚಿತ್ರದುರ್ಗಕ್ಕೆ ಹೋಗಿ. ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಕಾಲು, ದಮ್ಮು, ಸಮತೋಲ ಮೂರನ್ನೂ ಒಟ್ಟಿಗೆ ಅಳೆಯಲು ಏಳುಸುತ್ತಿನ ಕೋಟೆಗಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ಇಲ್ಲ. ಬಾಗಿಲು ತೆರೆದ ಕೂಡಲೇ ಒಳಹೊಕ್ಕು ಏಕನಾಥೇಶ್ವರಿಯ ಗುಡಿಯವರೆಗೆ ಹತ್ತಿ, ಎಲ್ಲೆಲ್ಲಿ ನಿಂತು ಉಸಿರು ತೆಗೆದುಕೊಂಡಿರಿ ಎಂದು ಗುರುತಿಟ್ಟುಕೊಳ್ಳಿ. ಇಳಿಯುವಾಗ ಅವಸರ ಬೇಡ. ಹತ್ತುವಾಗ ದಮ್ಮು ಸೋಲುತ್ತದೆ, ತೊಡೆಗೆ ನೋವು ಕೊಡುವುದು ಇಳಿಯುವುದೇ; ಪ್ರತಿ ಮೆಟ್ಟಿಲಿಗೂ ತೊಡೆ ಮೈಭಾರವನ್ನು ತಡೆದು ಇಳಿಸಬೇಕು. ಕುರ್ಚಿಗೆ ಮೂರು ಎಣಿಸುತ್ತಾ ಇಳಿದವರಿಗೆ ಮರುದಿನ ವ್ಯತ್ಯಾಸ ತಿಳಿಯುತ್ತದೆ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆಗೋಡೆ ಏರುವುದನ್ನು ಕಂಡರೆ ಚಪ್ಪಾಳೆ ತಟ್ಟಿ ಮೆಟ್ಟಿಲ ಕಡೆ ನಡೆಯಿರಿ.

ತಟ್ಟೆಯಲ್ಲಿ ಏನಿರಬೇಕು

ಸ್ನಾಯು ಕಟ್ಟಲು ಪ್ರೋಟೀನು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾಮಾನ್ಯ ವಯಸ್ಕರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಎನ್ನುತ್ತದೆ. ಭಾರ ಎತ್ತುವವರಿಗೆ, ವಯಸ್ಸಾದವರಿಗೆ 1.2 ಗ್ರಾಂ ಸುಮಾರಿಗೆ ಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಎಂದರೆ 60 ಕಿಲೋ ತೂಕದವರಿಗೆ 72 ಗ್ರಾಂ. ನಮ್ಮ ಊಟದಲ್ಲಿ ಅನ್ನ ಬೆಟ್ಟದಷ್ಟು, ಸಾರಿನಲ್ಲಿ ಬೇಳೆ ಹುಡುಕಬೇಕು. ಹಾಗಾಗಿ ಅದರ ಅರ್ಧ ಸಿಕ್ಕರೆ ಹೆಚ್ಚು. ಅರ್ಧ ಲೀಟರ್ ಹಾಲು ಅಥವಾ ಅದರ ಮೊಸರಿನಲ್ಲಿ 16 ಗ್ರಾಂ, 50 ಗ್ರಾಂ ಒಣ ಹೆಸರುಕಾಳು ಅಥವಾ ಹುರುಳಿಯಲ್ಲಿ 11ರಿಂದ 12, ಒಂದು ಹಿಡಿ ಶೇಂಗಾದಲ್ಲಿ 7, 150 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗಳಲ್ಲಿ ಸುಮಾರು 15, ಎರಡು ಮೊಟ್ಟೆಯಲ್ಲಿ 12. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಚಂಕ್ಸ್ ಹಾಕಿಕೊಂಡರೆ 13 ಬಂತು. ಇಷ್ಟು ಕೂಡಿಸಿ, ಅನ್ನ ಬೇಳೆ ಸೇರಿಸಿದರೆ ಗುರಿ ಹತ್ತಿರವಾಯಿತು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದ ಅಳತೆ ಮೀರಬಾರದು.

ಬೆಣ್ಣೆ ದೋಸೆ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವಷ್ಟು ಕಟುಕ ನಾನಲ್ಲ. ಭಾನುವಾರಕ್ಕೆ ಇರಲಿ. ಸಂಜೆಯ ಮಂಡಕ್ಕಿಗೆ ಮಿರ್ಚಿ ನಂಚಿಕೊಳ್ಳುವ ಬದಲು ವಾರದಲ್ಲಿ ನಾಲ್ಕು ದಿನ ಮೊಳಕೆ ಹೆಸರುಕಾಳು, ಶೇಂಗಾ, ಈರುಳ್ಳಿ ಕಲಸಿಕೊಳ್ಳಿ.

ತಪ್ಪಿದಾಗ

ಮದುವೆಗಳ ಸುಗ್ಗಿಯಲ್ಲಿ, ಜಾತ್ರೆಯಲ್ಲಿ, ಜ್ವರ ಬಂದಾಗ ಒಂದೆರಡು ವಾರ ತಪ್ಪುತ್ತದೆ. ಬಲ ಅಷ್ಟು ಬೇಗ ಕರಗದು. ಮರಳಿ ಬಂದ ದಿನ ಹಿಂದಿನ ಭಾರದ ಮೂರನೆಯ ಎರಡು ಭಾಗದಿಂದ ಹಿಡಿದು, ಎರಡು ವಾರದಲ್ಲಿ ಹಳೆಯ ಜಾಗಕ್ಕೆ ಬನ್ನಿ. ತಪ್ಪಿದ್ದನ್ನು ಒಂದೇ ದಿನದಲ್ಲಿ ತುಂಬಿಸಲು ಹೋಗಬೇಡಿ. ವಾರಕ್ಕೆ ಒಂದೇ ದಿನ ಸಿಕ್ಕಿದರೆ ಕುರ್ಚಿಯಿಂದ ಏಳುವುದು, ಸೊಂಟದಿಂದ ಎತ್ತುವುದು, ಹೊರುವುದು ಈ ಮೂರನ್ನು ಬಿಡಬೇಡಿ, ಉಳಿದದ್ದು ಆಮೇಲೆ.

ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ಮೊದಲ ದಿನದ ಮೂರೂ ಪರೀಕ್ಷೆಗಳನ್ನು ಮತ್ತೆ ಮಾಡಿ. ಕುರ್ಚಿಯ ಎಣಿಕೆ ಏರಿ, ಒಂಟಿ ಕಾಲಿನದು ಅಲ್ಲೇ ನಿಂತಿದ್ದರೆ ಹಿಮ್ಮಡಿ ಎತ್ತುವುದನ್ನು ಒಂದೊಂದೇ ಕಾಲಿನಲ್ಲಿ ಮಾಡಲು ಆರಂಭಿಸಿ. ಎರಡೂ ಏರಿ ನೆಲದಿಂದ ಏಳುವುದು ಮಾತ್ರ ಇನ್ನೂ ಕಷ್ಟವಿದ್ದರೆ, ದಿನಕ್ಕೊಂದು ಊಟವನ್ನಾದರೂ ಮೇಜು ಬಿಟ್ಟು ಚಾಪೆಯ ಮೇಲೆ ಮಾಡಿ.